ಲೂ ಮಜಾವ್ ಹಾಡು ಕೇಳಲು ಶಿಲ್ಲಾಂಗ್‌ಗೆ ಹೋಗುವವರಿಗೆ

ಮೊದಲು ಇದನ್ನು ಹೇಳಿಬಿಡುತ್ತೇನೆ. ಮೇ 24ರ ಕಾರ್ಯಕ್ರಮಕ್ಕೆ ಪಾಸ್ ಕೊಡಿಸುತ್ತೇನೆ ಅಂತ ಲಾಡ್ಜ್ ಕೌಂಟರಿನಲ್ಲಿ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ನಾನು 600 ರೂಪಾಯಿ ಕೊಟ್ಟೆ. ಕೈಗೆ ಬಂದದ್ದು ಸೀಲು ಒತ್ತಿದ ಒಂದು ಗುಲಾಬಿ ಚೀಟಿ. ಸಂಜೆ ಹೋಗಿ ನೋಡಿದರೆ ಬಾಗಿಲಲ್ಲಿ ಚೀಟಿ ಕೇಳುವವರೇ ಇಲ್ಲ. ಕಾಲೇಜು ಹುಡುಗರು, ಕೊಡೆ ಮಡಚುತ್ತಾ ಬಂದ ಅಜ್ಜಿಯರು, ಎಲ್ಲರೂ ಸುಮ್ನೆ ಒಳಗೆ ಹೋಗುತ್ತಿದ್ದರು. 600 ಹೋದದ್ದು ಹೋಯಿತು. ಆದರೆ ಅವರ ಹೆಸರು ಹೇಳಿ ಮೋಸ ಮಾಡಿದರಲ್ಲ, ಅದು ನನಗೆ ಇನ್ನೂ ನೋವು.

ಅವರು ಅಂದರೆ ಲೂ ಮಜಾವ್. 1947ರಲ್ಲಿ ಹುಟ್ಟಿದವರು, ಮೇಘಾಲಯದ ಖಾಸಿ ಬೆಟ್ಟದ ರಾಕ್ ಹಾಡುಗಾರ. ಅರವತ್ತರ ದಶಕದಲ್ಲಿ ಕೋಲ್ಕತ್ತದಲ್ಲಿದ್ದಾಗ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹಾಡು ಅವರ ಕಿವಿಗೆ ಬಿತ್ತು. ಆಮೇಲೆ ಬಿಡಲೇ ಇಲ್ಲ. ಡಿಲನ್ ಹುಟ್ಟಿದ್ದು 1941ರ ಮೇ 24. ಆ ದಿನ ಶಿಲ್ಲಾಂಗ್‌ನಲ್ಲಿ ಡಿಲನ್ ಹಾಡುಗಳನ್ನು ಹಾಡುವ ಪದ್ಧತಿಯನ್ನು ಮಜಾವ್ 1972ರಲ್ಲಿ ಶುರು ಮಾಡಿದರು. ಡಿಲನ್‌ಗೆ ನೊಬೆಲ್ ಬಂದದ್ದು 2016ರಲ್ಲಿ. ಅಷ್ಟು ಹೊತ್ತಿಗೆ ಈ ಊರಿನವರು 44 ವರ್ಷದಿಂದ ಅವರ ಹುಟ್ಟುಹಬ್ಬ ಮಾಡುತ್ತಿದ್ದರು.

ನಾನು ಮೂಡಿಗೆರೆ ಕಡೆಯವನು, ಕೆಲಸ ಬೆಂಗಳೂರಿನಲ್ಲಿ. 2002ರಲ್ಲಿ ಅರಮನೆ ಮೈದಾನದಲ್ಲಿ ರೋಜರ್ ವಾಟರ್ಸ್ ಹಾಡಿದಾಗ ಜನರ ನಡುವೆ ನಿಂತಿದ್ದೆ. 2007ರಲ್ಲಿ ಅದೇ ಜಾಗದಲ್ಲಿ ಐರನ್ ಮೇಡನ್ ಬ್ಯಾಂಡ್ ಕೇಳಿದೆ. ದೊಡ್ಡ ಸ್ಟೇಜು, ದೊಡ್ಡ ಲೈಟು, ಎಲ್ಲಾ ನೋಡಿದ್ದೇನೆ. ಗೆಳೆಯನ ಕಂಪ್ಯೂಟರಿನಲ್ಲಿ ಮಜಾವ್ ಅವರ ಒಂದು ವಿಡಿಯೋ ನೋಡಿದ ಮೇಲೆ ಮಾತ್ರ, ಈ ಮನುಷ್ಯನನ್ನು ಅವರೂರಿನಲ್ಲೇ ಕೇಳಬೇಕು ಅನ್ನೋದು ತಲೆಯಲ್ಲಿ ಕೂತಿತು. ಹೊರಡಲು ಹತ್ತು ವರ್ಷ ಹಿಡಿಯಿತು.

ಹೋಗುವ ದಾರಿ. ಶಿಲ್ಲಾಂಗ್‌ಗೆ ರೈಲಿಲ್ಲ. ಗುವಾಹಟಿ ತನಕ ವಿಮಾನ, ಅಲ್ಲಿಂದ ರಸ್ತೆ, ಸುಮಾರು ನೂರು ಕಿಲೋಮೀಟರ್. ನಾನು ಮಧ್ಯಾಹ್ನದ ವಿಮಾನ ಹಿಡಿದೆ, ಅದೇ ದೊಡ್ಡ ತಪ್ಪು. ಗುವಾಹಟಿಯ ಪಲ್ಟನ್ ಬಜಾರ್‌ನಲ್ಲಿ ಷೇರ್ ಸುಮೋ ಹತ್ತುವಾಗ ಸಂಜೆ ಆಗಿತ್ತು. ಆ ಕಡೆ ಮೇ ತಿಂಗಳಲ್ಲೂ ಆರೂಕಾಲಿಗೆಲ್ಲಾ ಸೂರ್ಯ ಮುಳುಗುತ್ತಾನೆ. ಕತ್ತಲಾಗುತ್ತಿದೆ ಅಂತ ಗೊತ್ತಾದರೆ ಬ್ರೋಕರ್ ಬಾಯಿಗೆ ಬಂದ ರೇಟು ಹೇಳುತ್ತಾನೆ. ಮುಂದಿನ ಸೀಟು ಕೊಡುತ್ತೇನೆ ಅಂತ 700 ತೆಗೆದುಕೊಂಡ. ಕೂರಿಸಿದ್ದು ಕಟ್ಟಕಡೆಯ ಸಾಲಿನಲ್ಲಿ, ನಾಲ್ಕನೆಯವನಾಗಿ. ಪಕ್ಕದಲ್ಲಿದ್ದ ಹುಡುಗ ಕೊಟ್ಟಿದ್ದು 300. ಜೋರಾಬಾಟ್‌ನಲ್ಲಿ ಲಾರಿಗಳ ಸಾಲಿನ ಹಿಂದೆ ಒಂದು ಗಂಟೆ ನಿಂತೆವು. ಮಂಡಿ ಎದೆಗೆ ತಾಗುತ್ತಿತ್ತು, ಕಿಟಕಿ ತೆರೆಯುತ್ತಿರಲಿಲ್ಲ. ನೋಂಗ್‌ಪೋದಲ್ಲಿ ಚಹಾಕ್ಕೆ ಇಳಿದಾಗ ಕಾಲು ನೆಲಕ್ಕೆ ಊರಲೇ ಆಗಲಿಲ್ಲ. ಜನ ಒತ್ತಿಕೊಂಡು ಕೂರುವುದು ನನಗೆ ಕಷ್ಟವಲ್ಲ, ಮಲೆನಾಡಿನ ಬಸ್ಸಿನಲ್ಲಿ ಬೆಳೆದವನು. ಹೇಳಿದ ಸೀಟು ಕೊಡದೆ ಇದ್ದದ್ದು ಸಿಟ್ಟು ತರಿಸಿತು. ಬೆಳಗಿನ ವಿಮಾನ ಹಿಡಿಯಿರಿ. ಗಾಡಿ ಹತ್ತಿ ಸೀಟಿನಲ್ಲಿ ಕೂತ ಮೇಲೆ ದುಡ್ಡು ಕೊಡಿ. ಪಕ್ಕದವರು ಎಷ್ಟು ಕೊಟ್ಟರು ಅಂತ ಮೊದಲೇ ಕೇಳಿ.

ರೂಮಿನ ವಿಷಯ. ಪೊಲೀಸ್ ಬಜಾರ್ ಊರಿನ ನಡುಮಧ್ಯ, ಎಲ್ಲರೂ ಅಲ್ಲೇ ಉಳಿಯಿರಿ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ಒಂದು ರಾತ್ರಿಗೆ 2800 ಕೊಟ್ಟೆ. ಕಿಟಕಿ ಪರದೆ ಸರಿಸಿದರೆ ಹಿಂದೆ ಗೋಡೆ. ಹಾಸಿಗೆ ಮುಟ್ಟಿದರೆ ತೇವ, ಮುಗ್ಗಲು ವಾಸನೆ. ಗುಲಾಬಿ ಚೀಟಿ ಸಿಕ್ಕಿದ್ದೂ ಇಲ್ಲೇ. ಮರುದಿನ ಬೆಳಿಗ್ಗೆ ಲೈಟುಮ್‌ಖ್ರಾಗೆ ಹೋಗಿ ಒಂದು ಮನೆಯ ಮೇಲಿನ ಕೋಣೆ ಹಿಡಿದೆ, 1400ಕ್ಕೆ. ಕಾಲೇಜು, ಚರ್ಚು, ಸಣ್ಣ ಸಣ್ಣ ಕೆಫೆಗಳಿರುವ ಬಡಾವಣೆ. ಕಪ್ಪು ಹಳದಿ ಬಣ್ಣದ ಷೇರ್ ಟ್ಯಾಕ್ಸಿಯಲ್ಲಿ ಪೊಲೀಸ್ ಬಜಾರ್‌ಗೆ ಸ್ವಲ್ಪವೇ ಹೊತ್ತು.

ಈಗ ಊಟ. ಲೈಟುಮ್‌ಖ್ರಾ ಮಾರ್ಕೆಟ್ ಪಕ್ಕದಲ್ಲಿ ತಗಡಿನ ಮಾಡಿನ ಒಂದು ಜಾದೋಹ್ ಅಂಗಡಿ. ನಾಲ್ಕು ಬೆಂಚು. ಮೇಜಿನ ಮೇಲೆ ಅಲ್ಯೂಮಿನಿಯಂ ಪಾತ್ರೆಗಳು, ಒಂದೊಂದರ ಮೇಲೂ ಮುಚ್ಚಳ. ನಡೆಸುವವರು ಒಬ್ಬರೇ ಹೆಂಗಸು. ಅಲ್ಲಿ ಹೆಂಗಸರನ್ನು ಕಾಂಗ್ ಅಂತ ಕರೆಯುತ್ತಾರೆ, ನಾವು ಅಕ್ಕ ಅಂದ ಹಾಗೆ. ಮೆನು ಇಲ್ಲ. ಕಾಂಗ್ ಮುಚ್ಚಳ ತೆಗೆದು ತೋರಿಸುತ್ತಾರೆ, ನಾವು ಬೇಕು ಬೇಡ ಅನ್ನಬೇಕು. ಜಾ ಅಂದರೆ ಅನ್ನ, ದೋಹ್ ಅಂದರೆ ಮಾಂಸ. ಸಣ್ಣಕ್ಕಿ ಅನ್ನವನ್ನು ಹಂದಿ ಮಾಂಸದ ಜೊತೆಯಲ್ಲೇ ಬೇಯಿಸಿರುತ್ತಾರೆ. ಕೆಲವು ಕಡೆ ರಕ್ತವನ್ನೂ ಹಾಕುತ್ತಾರೆ, ಬೇಡದವರು ಮೊದಲೇ ಕೇಳಿಕೊಳ್ಳಿ. ಅದಕ್ಕೆ ದೋಹ್‌ನೇಯೋಂಗ್, ಕರಿ ಎಳ್ಳು ಅರೆದು ಹಾಕಿದ ಹಂದಿ ಸಾರು. ಕಪ್ಪಗೆ, ಗಟ್ಟಿಯಾಗಿ, ಚೂರು ಕಹಿ. ಬಣ್ಣ ನೋಡಿ ನಮ್ಮ ಕಡೆಯ ಪಂದಿ ಕರಿ ನೆನಪಾಯಿತು, ಆದರೆ ಹುಳಿಯಿಲ್ಲ. ಎಳ್ಳಿನ ಎಣ್ಣೆ ಬೆರಳಿಗೆ ಅಂಟಿ, ಕೈ ತೊಳೆದರೂ ವಾಸನೆ ಹೋಗಲಿಲ್ಲ. ಪಕ್ಕದಲ್ಲಿ ಒಂದು ಚಮಚ ತುಂಗ್‌ತಾಪ್, ಒಣಮೀನಿನ ಚಟ್ನಿ. ಎಲ್ಲಾ ಸೇರಿ 120 ರೂಪಾಯಿ. ಅಲ್ಲಿದ್ದಷ್ಟು ದಿನ ಮಧ್ಯಾಹ್ನ ಬೇರೆಲ್ಲೂ ಉಣ್ಣಲಿಲ್ಲ. ಮೂರನೇ ದಿನ ನಾನು ಕೇಳುವ ಮೊದಲೇ ಕಾಂಗ್ ಎರಡನೇ ಸೌಟು ಹಾಕಿದರು.

ಊಟ ಆದ ಮೇಲೆ ಕ್ವಾಯ್ ಕೊಡುತ್ತಾರೆ. ಎಲೆ, ಸುಣ್ಣ, ಹಸಿ ಅಡಿಕೆಯ ದೊಡ್ಡ ಹೋಳು. ಅಡಿಕೆ ತೋಟದವನು ನನಗೇನು ಅಂತ ಬಾಯಿಗೆ ಹಾಕಿದೆ. ಎರಡೇ ನಿಮಿಷಕ್ಕೆ ಸೊಕ್ಕಿತು. ಕಿವಿ ಬಿಸಿಯಾಗಿ ಹಣೆಯಲ್ಲಿ ಬೆವರು ಬಂತು. ಕಾಂಗ್ ನೀರು ಕೊಟ್ಟರು. ಅರ್ಧ ಹೋಳಿನಿಂದ ಶುರು ಮಾಡಿ. ಮಾಂಸ ತಿನ್ನದವರಿಗೆ ಈ ಅಂಗಡಿಗಳಲ್ಲಿ ಅನ್ನ, ಬೇಳೆ ಬಿಟ್ಟರೆ ಜಾಸ್ತಿ ಏನೂ ಸಿಗುವುದಿಲ್ಲ. ಪೊಲೀಸ್ ಬಜಾರ್‌ನಲ್ಲಿ ಸಸ್ಯಾಹಾರಿ ಹೋಟೆಲುಗಳಿವೆ.

ಕಾರ್ಯಕ್ರಮ ಎಲ್ಲಿ ಅನ್ನುವುದನ್ನು ಊರಿಗೆ ಹೋದ ಮೇಲೆ ಕೇಳಿ ಖಚಿತ ಮಾಡಿಕೊಳ್ಳಿ. ಕೆಫೆಯವರನ್ನೋ ಗಿಟಾರ್ ಹೊತ್ತು ನಡೆಯುವ ಹುಡುಗರನ್ನೋ ಕೇಳಿದರೆ ಸಾಕು. ಗಿಟಾರ್ ಹೊತ್ತವರು ಅಲ್ಲಿ ಹತ್ತು ಹೆಜ್ಜೆಗೊಬ್ಬರು ಸಿಗುತ್ತಾರೆ. ನಾನು ದೊಡ್ಡ ಮೈದಾನ ಇರುತ್ತದೆ ಅಂತ ಎಣಿಸಿದ್ದೆ. ನಮ್ಮೂರಿನ ಶಾಲೆಯ ವಾರ್ಷಿಕೋತ್ಸವದಷ್ಟು ದೊಡ್ಡ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿ, ಹೊರಗೆ ಮಳೆ. ಮೊದಲು ಸಣ್ಣ ವಯಸ್ಸಿನವರು ಹಾಡಿದರು.

ಆಮೇಲೆ ಅವರು ಬಂದರು. ತೊಡೆ ಮಟ್ಟಕ್ಕೆ ಕತ್ತರಿಸಿದ ಜೀನ್ಸ್ ಚಡ್ಡಿ, ಭುಜಕ್ಕೆ ಇಳಿದ ಬಿಳಿ ಕೂದಲು. ಒಂದು ಕಾಲಿಗೆ ಒಂದು ಬಣ್ಣದ ಕಾಲುಚೀಲ, ಇನ್ನೊಂದಕ್ಕೆ ಇನ್ನೊಂದು ಬಣ್ಣ. ಈ ವೇಷ ಫೋಟೋದಲ್ಲಿ ನೋಡಿದ್ದೆ. ಎದುರಿಗೆ ನೋಡಿದಾಗ ಕಣ್ಣು ತುಂಬಿತು. ವಯಸ್ಸು ಎಪ್ಪತ್ತು ದಾಟಿದೆ, ದನಿ ಒರಟು, ಕೆಲವು ಕಡೆ ಬಿರುಕು ಬಿಡುತ್ತದೆ. ಆದರೆ ಗಿಟಾರ್ ತಂತಿಯ ಮೇಲೆ ಬಲಗೈ ಬೀಳುವ ರಭಸ ಇದೆಯಲ್ಲ, ಮೂರನೇ ಸಾಲಿನಲ್ಲಿ ಕೂತ ನನಗೆ ಮೈಕ್ ಇಲ್ಲದೆಯೂ ತಂತಿಯ ಸದ್ದು ಕೇಳುತ್ತಿತ್ತು. ಕಾಲುಚೀಲದ ಕಾಲು ನೆಲಕ್ಕೆ ತಾಳ ಹೊಡೆಯುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಒಂದೊಂದು ಪದವನ್ನೂ ಬಾಯಲ್ಲೇ ಹಾಡಿಕೊಳ್ಳುತ್ತಿದ್ದರು. ಹುಡುಗನಾಗಿದ್ದಾಗಿನಿಂದ ಬರುತ್ತಿದ್ದೇನೆ ಅಂದರು. ಅರಮನೆ ಮೈದಾನದ ಅಷ್ಟು ಜನರ ನಡುವೆ ಇಷ್ಟು ಹತ್ತಿರದಿಂದ ನಾನು ಯಾರ ಹಾಡನ್ನೂ ಕೇಳಿಲ್ಲ.

ವಾಪಸ್ ಬರುವಾಗ ಟ್ಯಾಕ್ಸಿ ಸಿಗಲಿಲ್ಲ. ರಾತ್ರಿ ಎಂಟರ ಮೇಲೆ ರಸ್ತೆ ಖಾಲಿ, ಅಂಗಡಿಗಳಿಗೆ ಬಾಗಿಲು. ಕಾರ್ಯಕ್ರಮಕ್ಕೆ ಹೋಗುವಾಗಲೇ ಒಬ್ಬ ಡ್ರೈವರ್ ಹತ್ತಿರ ಮಾತಾಡಿ ನಂಬರು ತೆಗೆದುಕೊಳ್ಳಿ. ಇಲ್ಲವಾದರೆ ಒಳ್ಳೆ ಬೂಟು, ಟಾರ್ಚು, ಕೊಡೆ ಬೇಕು. ನಾನು ಮಳೆಯಲ್ಲಿ ನಲವತ್ತು ನಿಮಿಷ ಏರು ಹತ್ತಿ ನಡೆದೆ, ಆ ಹಾಡುಗಳನ್ನೇ ಹಾಡಿಕೊಂಡು. ಮೇ 24 ಶನಿವಾರ ಬಂದರೆ ಮರುದಿನದ ತಿಂಡಿಗೆ ಏನಾದರೂ ಮೊದಲೇ ತಂದಿಟ್ಟುಕೊಳ್ಳಿ. ಭಾನುವಾರ ಊರೆಲ್ಲಾ ಚರ್ಚಿನಲ್ಲಿರುತ್ತದೆ, ಕಾಂಗ್ ಅಂಗಡಿಯೂ ತೆರೆಯುವುದಿಲ್ಲ.