ಯಾವ ಎಡಿಟರ್ ಹಾಕಿಕೊಳ್ಳಲಿ?

ಪ್ರೋಗ್ರಾಮಿಂಗ್ ಕಲಿಯುವ ಹುಡುಗ ಹುಡುಗಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಅಕ್ಕಾ, ಕೋಡ್ ಬರೆಯೋಕೆ ಯಾವ ಎಡಿಟರ್ ಒಳ್ಳೇದು?" ನಾನು ತಿರುಗಿ ಕೇಳುವುದು ಒಂದೇ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಎಷ್ಟಿದೆ?

8 ಜಿಬಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವಿಎಸ್ ಕೋಡ್ ಹಾಕಿಕೊಳ್ಳಿ. ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ಇದು ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಆದರೆ ಇದು ಎಲೆಕ್ಟ್ರಾನ್ ಅನ್ನುವ ಸಾಫ್ಟ್‌ವೇರ್ ಚೌಕಟ್ಟಿನ ಮೇಲೆ ಕಟ್ಟಿದ್ದು. ಅಂದರೆ ಒಳಗೆ ಒಂದು ಬ್ರೌಸರ್‌ನ ಎಂಜಿನ್ನೇ ಕೂತಿದೆ. ಮೇಲಿಂದ ಸೇರಿಸುವ ಎಕ್ಸ್‌ಟೆನ್ಷನ್‌ಗಳೂ, ಅಂದರೆ ಹೆಚ್ಚುವರಿ ಸೌಲಭ್ಯಗಳೂ, ಮೆಮೊರಿ ತಿನ್ನುತ್ತವೆ. 4 ಜಿಬಿಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಹತ್ತು ಟ್ಯಾಬ್ ತೆರೆದ ಕ್ರೋಮ್ ಜೊತೆ ಇದನ್ನೂ ಓಡಿಸಿದರೆ, ಕೀ ಒತ್ತಿದ ಮೇಲೆ ಅಕ್ಷರ ಮೂಡುವುದಕ್ಕೆ ಕಾಯುತ್ತಾ ಕೂರಬೇಕಾಗುತ್ತದೆ. ಅಂಥವರು ಸುಮ್ನೆ ಹಟ ಮಾಡಬೇಡಿ. ಜೀನಿ (Geany) ಅನ್ನುವ ಎಡಿಟರ್ ಹಾಕಿಕೊಳ್ಳಿ. ವಿಂಡೋಸ್ ಆದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಕೂಡ ಆಗುತ್ತದೆ. ಎರಡೂ ಹಗುರ, ಥಟ್ಟನೆ ತೆರೆದುಕೊಳ್ಳುತ್ತವೆ.

ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಓಡುವ ವಿಮ್ ಎಡಿಟರ್ ಕಲಿಯಲೇಬೇಕಾ? ಸರ್ವರ್‌ಗೆ ಲಾಗಿನ್ ಆಗಿ ಫೈಲ್ ತಿದ್ದುವ ಕೆಲಸ ಇದ್ದರೆ ಕಲಿಯಿರಿ. ಅದರ ಜೊತೆಗೇ ಬರುವ ವಿಮ್‌ಟ್ಯೂಟರ್ ಪಾಠಕ್ಕೆ ಅರ್ಧ ಗಂಟೆ ಸಾಕು.

ಎಡಿಟರ್ ಹಾಕಿಕೊಂಡ ಮೇಲೆ ಸೆಟ್ಟಿಂಗ್ಸ್ ಕಡೆ ತಲೆಹಾಕದವರೇ ಜಾಸ್ತಿ. ನನಗೆ ಬೇಜಾರಾಗುವುದು ಅಲ್ಲೇ. ಒಬ್ಬ ಹುಡುಗಿ ಪೈಥಾನ್ ಕೋಡ್ ಓಡುತ್ತಿಲ್ಲ ಅಂತ ಬಂದಿದ್ದಳು. ಟ್ಯಾಬ್ ಎರರ್, ಅಂದರೆ ಸಾಲಿನ ಮುಂದೆ ಬಿಡುವ ಜಾಗದಲ್ಲಿ ಟ್ಯಾಬ್ ಕೀಯೂ ಸ್ಪೇಸೂ ಬೆರೆತಿವೆ ಅನ್ನುವ ದೂರು. ಎರಡು ಸಾಲು ಒಂದರ ಕೆಳಗೊಂದು ನೆಟ್ಟಗೆ ಕೂತಿದ್ದವು, ಕಣ್ಣಿಗೆ ಏನೂ ತಪ್ಪು ಕಾಣುತ್ತಿರಲಿಲ್ಲ. ವಿಎಸ್ ಕೋಡ್‌ನಲ್ಲಿ ಖಾಲಿ ಜಾಗವನ್ನು ಗುರುತು ಹಾಕಿ ತೋರಿಸುವ ರೆಂಡರ್ ವೈಟ್‌ಸ್ಪೇಸ್ ಅನ್ನುವ ಸೆಟ್ಟಿಂಗನ್ನು 'ಆಲ್' ಮಾಡಿದೆ. ಮೇಲಿನ ಸಾಲಿನ ಮುಂದೆ ನಾಲ್ಕು ಚುಕ್ಕಿ, ಕೆಳಗಿನದರ ಮುಂದೆ ಒಂದು ಬಾಣದ ಗುರುತು. ಮೊದಲನೆಯದು ಅವಳೇ ಸ್ಪೇಸ್ ಹೊಡೆದು ಬರೆದದ್ದು, ಎರಡನೆಯದು ಎಲ್ಲಿಂದಲೋ ಕಾಪಿ ಮಾಡಿದ್ದು, ಅದರಲ್ಲಿದ್ದದ್ದು ಟ್ಯಾಬ್. "ಅಯ್ಯೋ, ಇಷ್ಟೇನಾ!" ಅಂದಳು. ಎರಡು ದಿನದಿಂದ ಅದನ್ನೇ ಹುಡುಕುತ್ತಿದ್ದಳು ಪಾಪ.

ಆಟೋ ಸೇವ್ ಹಾಕಿಡಿ, ಕರೆಂಟ್ ಹೋದರೂ ಬರೆದದ್ದು ಹೋಗುವುದಿಲ್ಲ. ಫಾಂಟ್ ಸೈಜ್ 16 ಆದರೂ ಇರಲಿ. ಸೊನ್ನೆಗೂ 'ಓ' ಅಕ್ಷರಕ್ಕೂ, ಒಂದು ಅಂಕಿಗೂ ಸಣ್ಣ 'ಎಲ್'ಗೂ ವ್ಯತ್ಯಾಸ ಚೆನ್ನಾಗಿ ಕಾಣುವ ಫಾಂಟ್ ಆರಿಸಿಕೊಳ್ಳಿ. ಜೆಟ್‌ಬ್ರೈನ್ಸ್ ಮೋನೋ ನನ್ನ ಕಣ್ಣಿಗೆ ಹಿಡಿಸಿದೆ. ದಿನಕ್ಕೆ ಎಂಟು ಗಂಟೆ ನೋಡುವ ಪರದೆ ಅಲ್ವಾ?

ಕೋಡ್ ಒಳಗೆ ಕನ್ನಡ ಬರೆಯುವವರು ಇನ್ನೊಂದು ನೋಡಿಕೊಳ್ಳಬೇಕು. 'ಕ್ಷ' ನಮಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಅದು ಕ, ಹಲಂತದ ಗುರುತು, ಷ ಸೇರಿ ಮೂರು. ಪೈಥಾನ್‌ನಲ್ಲಿ ಉದ್ದ ಕೇಳಿದರೂ 3 ಅನ್ನುತ್ತದೆ. ಎಷ್ಟೋ ಟರ್ಮಿನಲ್‌ಗಳಲ್ಲಿ ಈ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ, ಕರ್ಸರ್ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ನನ್ನ ಬಹಳಷ್ಟು ಕೆಲಸ ಟರ್ಮಿನಲ್‌ನ ವಿಮ್‌ನಲ್ಲೇ ನಡೆಯುತ್ತದೆ. ಕನ್ನಡ ಪದಪಟ್ಟಿ ತಿದ್ದುವಾಗ ಮಾತ್ರ ಅದನ್ನು ಮುಚ್ಚಿ ವಿಎಸ್ ಕೋಡ್ ತೆರೆಯುತ್ತೇನೆ.