ಸಂಭ್ರಮದಲ್ಲಿ ಇಲ್ಲದ ಹುಡುಗ

“ನಾನು ಇಷ್ಟೆಲ್ಲ ಮಾಡಿದ್ದು ಯಾರಿಗೂ ಗೊತ್ತೇ ಆಗಲ್ವಾ, ಮಾಮ?”

ಈ ವಾರ ಪೂರ್ತಿ ಈ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಕೇಳಿದ್ದು ಅಕ್ಕನ ಮಗ. ಸಕಲೇಶಪುರದ ಕಡೆ ಮಳೆ ಬಿಡದೆ ಹಿಡಿದು ಶಾಲೆಗಳಿಗೆ ಡಿಸಿ ರಜೆ ಕೊಟ್ಟಿದ್ದರು. ನಾನು ಹಾಸನದಿಂದ ಅವರ ಮನೆಗೆ ಹೋಗಿದ್ದೆ. ಕರೆಂಟ್ ಇಲ್ಲ, ಹೊರಗೆ ಕಾಲಿಡೋ ಹಾಗಿಲ್ಲ. ಹುಡುಗ ಜಗಲಿಯಲ್ಲಿ ಕಂಬಳಿ ಹೊದ್ದು ಕೂತು, ಕೈಯಲ್ಲಿ ನಿಂಟೆಂಡೊ ಸ್ವಿಚ್ ಅನ್ನೋ ಗೇಮ್ ಯಂತ್ರ ಹಿಡಿದು ‘ಒಕರಿನಾ ಆಫ್ ಟೈಮ್’ ಮುಗಿಸುತ್ತಿದ್ದ. ‘ಜೆಲ್ಡಾ’ ಅನ್ನೋ ವಿಡಿಯೊ ಗೇಮ್ ಸರಣಿಯಲ್ಲಿ 1998ರಲ್ಲಿ ಬಂದ ಆಟ ಅದು. ಅವನು ಹುಟ್ಟೋದಕ್ಕೆ ಎಷ್ಟೋ ವರ್ಷ ಮುಂಚಿನದು.

ಜೆಲ್ಡಾ ಸರಣಿಯ ಆಟಗಳಲ್ಲಿ ಹೆಸರು ರಾಜಕುಮಾರಿಯದು, ಕತ್ತಿ ಹಿಡಿದು ಊರೂರು ಅಲೆಯುವವನು ಲಿಂಕ್. ಮೊದಲ ಆಟ ಬಂದಿದ್ದು 1986ರಲ್ಲಿ. ಅದನ್ನು ಮಾಡಿದವರಲ್ಲಿ ಒಬ್ಬರಾದ ಶಿಗೆರು ಮಿಯಾಮೊಟೊ ಚಿಕ್ಕವರಿದ್ದಾಗ ಕ್ಯೋಟೋ ಸುತ್ತಮುತ್ತಲ ಗುಡ್ಡ, ಕಾಡು, ಗುಹೆಗಳಲ್ಲಿ ಅಲೆದ ನೆನಪಿನಿಂದ ಹುಟ್ಟಿದ ಆಟ ಅದು. ನಮ್ಮ ಮಲೆನಾಡಿನ ಮಕ್ಕಳಿಗೆ ಅದು ಬೇಗ ಹಿಡಿಸೋದು ನನಗೇನೂ ಆಶ್ಚರ್ಯ ಅಲ್ಲ. ಲಿಂಕ್ ಮಾತಾಡಲ್ಲ. ಎಲ್ಲರೂ ಅವನಿಗೆ ಹೇಳ್ತಾರೆ, ಬೇಡ್ತಾರೆ, ಅಳ್ತಾರೆ, ಅವನು ಕೇಳಿಸಿಕೊಂಡು ಹೊರಡ್ತಾನೆ. ಆಟದ ಶುರುವಿನಲ್ಲಿ ಅವನಿಗೆ ನಾವು ಯಾವ ಹೆಸರು ಬೇಕಾದರೂ ಇಡಬಹುದು. ನಮ್ಮ ಹುಡುಗ ತನ್ನ ಹೆಸರೇ ಇಟ್ಟಿದ್ದ. ಅದಕ್ಕೇ ಅವನು “ಲಿಂಕ್ ಮಾಡಿದ್ದು” ಅನ್ನಲಿಲ್ಲ, “ನಾನು ಮಾಡಿದ್ದು” ಅಂದ.

ಅವನಿಗೆ ಹಾಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಲಿಂಕ್ ಬದುಕು ನೋಡಿ. ಹೊರಗೆ ಯುದ್ಧ ನಡೀತಿರುವಾಗ ತಾಯಿ ಕೂಸನ್ನು ಎತ್ತಿಕೊಂಡು ಕಾಡಿಗೆ ಓಡಿ ಬಂದು, ಅಲ್ಲಿದ್ದ ಡೆಕು ಅನ್ನೋ ಹಿರಿಯ ಮರದ ಕೈಗೆ ಒಪ್ಪಿಸಿ ಸಾಯುತ್ತಾಳೆ. ಅಲ್ಲಿ ಇರೋರೆಲ್ಲ ಎಂದೂ ದೊಡ್ಡವರಾಗದ ಮಕ್ಕಳು, ಕೊಕಿರಿಗಳು. ಪ್ರತಿಯೊಬ್ಬರಿಗೂ ಜೊತೆಗೊಂದು ಯಕ್ಷಿಣಿ. ಇವನಿಗೆ ಮಾತ್ರ ಇಲ್ಲ, ಅದಕ್ಕೇ ಹಂಗಿಸಿಕೊಂಡು ಬೆಳೀತಾನೆ. ಆಮೇಲೆ ನಾವಿ ಅನ್ನೋ ಯಕ್ಷಿಣಿ ಬರ್ತಾಳೆ, ಕಾಡು ಬಿಡ್ತಾನೆ, ದೇಗುಲದಲ್ಲಿ ನೆಟ್ಟಿರೋ ಮಾಸ್ಟರ್ ಸ್ವೋರ್ಡ್ ಕೀಳ್ತಾನೆ. ನಾಯಕ ಆಗೋಕೆ ವಯಸ್ಸು ಸಾಲದು ಅಂತ ಆ ಕತ್ತಿ ಅವನನ್ನು ಏಳು ವರ್ಷ ಮಲಗಿಸಿಬಿಡುತ್ತೆ. ಎದ್ದು ನೋಡಿದರೆ ಮೈ ದೊಡ್ಡವನದು, ಮನಸ್ಸು ಅದೇ ಮಗುವಿನದು, ರಾಜ್ಯ ಗ್ಯಾನನ್‌ಡಾರ್ಫ್ ಅನ್ನೋ ದುಷ್ಟನ ಕೈಯಲ್ಲಿ ಹಾಳಾಗಿದೆ. ಸಂತೆ ತುಂಬಿರುತ್ತಿದ್ದ ಬೀದಿಯಲ್ಲಿ ಹೆಣಗಳು ಎದ್ದು ಓಡಾಡುತ್ತಿವೆ.

ಅಷ್ಟನ್ನೂ ಸರಿ ಮಾಡಿದ ಮೇಲೆ ಜೆಲ್ಡಾ ಒಕರಿನಾ ಅನ್ನೋ ಕೊಳಲಿನಂಥ ವಾದ್ಯ ಊದಿ ಅವನನ್ನು ಮತ್ತೆ ಬಾಲ್ಯಕ್ಕೆ ಕಳಿಸಿಬಿಡ್ತಾಳೆ. ಕಳೆದುಹೋದ ವರ್ಷಗಳನ್ನು ಹಿಂದಿರುಗಿಸಿ ಕೊಡ್ತೀನಿ ಅನ್ನೋ ಪ್ರೀತಿಯಿಂದಲೇ ಕಳಿಸ್ತಾಳೆ, ಅದು ನಿಜ. ಆದರೆ ನಿನಗೆ ಹೋಗಬೇಕಾ ಅಂತ ಅವನನ್ನು ಕೇಳಲ್ಲ. ನನಗೆ ಅವಳ ಮೇಲಿರೋ ಸಿಟ್ಟು ಅದೊಂದೇ.

ಆಮೇಲೆ ಪರದೆಯಲ್ಲಿ ಆಟ ಮಾಡಿದವರ ಹೆಸರುಗಳು ಏರುತ್ತಾ ಹೋಗುವಾಗ ಲಾನ್ ಲಾನ್ ರ‍್ಯಾಂಚ್‌ನಲ್ಲಿ ರಾತ್ರಿ ಬೆಂಕಿ ಹಾಕಿಕೊಂಡು ಎಲ್ಲ ಜನ ಕುಣೀತಾರೆ. ಕಾಡಿನವರು, ಬೆಟ್ಟದವರು, ನೀರಿನವರು, ಎಲ್ಲರೂ ಇದ್ದಾರೆ. ಅವನೊಬ್ಬ ಇಲ್ಲ. ನಮ್ಮ ಹುಡುಗ ಅಲ್ಲೇ ಆ ಪರದೆಯಲ್ಲಿ ತನ್ನನ್ನು ಹುಡುಕಿದ. ನಾನು ಪಕ್ಕದಲ್ಲಿ ಕೂತು ಅವನ ಮುಖವನ್ನೇ ನೋಡುತ್ತಿದ್ದೆ. ಕಣ್ಣು ಗುಂಪಿನಲ್ಲಿ ಆ ಕಡೆ ಈ ಕಡೆ ಹೋಯಿತು. ಈಗ ಬರ್ತೀನಿ, ಈಗ ಬರ್ತೀನಿ ಅಂತ ಕಾಯ್ದ. ಬರಲಿಲ್ಲ. ಹಿಂದಿನ ಕಾಲದಲ್ಲಿ ಲಿಂಕ್ ಕತ್ತಿಯನ್ನು ಇದ್ದ ಜಾಗದಲ್ಲೇ ನೆಟ್ಟ, ನಾವಿ ಕಿಟಕಿಯಿಂದ ಹಾರಿ ಹೋದಳು, ಮುಗೀತು. ಆಗ ಕೇಳಿದ್ದು.

“ನಾನು ಇಷ್ಟೆಲ್ಲ ಮಾಡಿದ್ದು ಯಾರಿಗೂ ಗೊತ್ತೇ ಆಗಲ್ವಾ, ಮಾಮ?”

ಭಾವ ಒಳಗಿಂದಲೇ “ಮುಗೀತಲ್ಲ, ಇನ್ನಾದ್ರೂ ಪುಸ್ತಕ ಹಿಡಿ” ಅಂದರು. ಭಾವ ಕೆಟ್ಟವರಲ್ಲ. ಈ ಮಳೆಯಲ್ಲಿ ತೋಟದ ಕಾಫಿ ಕಾಯಿ ಉದುರೋದನ್ನು ನೋಡ್ತಾ ಕೂತಿರೋ ಮನುಷ್ಯ, ಅವರ ಚಿಂತೆ ಅವರಿಗೆ. ಆದರೂ ಮಗು ಇಂಥ ಪ್ರಶ್ನೆ ಕೇಳಿದಾಗ ಅರ್ಧ ನಿಮಿಷ ಕೂತು ಕೇಳಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತೆ. ಆಟ ಅಂದಾಕ್ಷಣ ಮಕ್ಕಳು ಹಾಳಾದರು ಅನ್ನೋ ದೊಡ್ಡವರು ನಮ್ಮ ಕಡೆ ಜಾಸ್ತಿ. ಆ ಆಟದಲ್ಲಿ ಏನಿದೆ ಅಂತ ನೋಡೋರು ಕಡಿಮೆ.

ಅಕ್ಕ ಮಾತ್ರ ಹುಡುಗನ ಪಕ್ಕ ಬಂದು ಕೂತಳು. “ಬೇಲೂರಿನಲ್ಲಿ ಹುಲಿ ಜೊತೆ ನಿಂತಿದ್ದಾನಲ್ಲ ಸಳ, ಅವನ ಹೆಸರು ಹೇಗೆ ಉಳೀತು ನೋಡು” ಅಂದಳು. ಸಮಾಧಾನಕ್ಕೆ ಹೇಳಿದ್ದು. ನನಗೆ ಅದು ತದ್ವಿರುದ್ಧ ಕಥೆಯಾಗಿ ಕಂಡಿತು. ಮೂಡಿಗೆರೆ ಹತ್ತಿರದ ಅಂಗಡಿಯಲ್ಲಿ ವಾಸಂತಿಕಾ ದೇವಿಯ ಗುಡಿ ಮುಂದೆ ಮುನಿಯ ಮಾತು ಕೇಳಿ ಹುಲಿಗೆ ಹೊಡೆದ ಅನ್ನೋ ಆ ಒಂದು ಗಳಿಗೆ ಬಿಟ್ಟರೆ ಸಳನ ಬದುಕು ನಮಗೇನು ಗೊತ್ತು? ಅವನ ತಾಯಿ ಯಾರು, ಯಾವುದಕ್ಕೆ ಹೆದರುತ್ತಿದ್ದ, ವಯಸ್ಸಾದ ಮೇಲೆ ಹೇಗಿದ್ದ, ಒಂದೂ ಗೊತ್ತಿಲ್ಲ. ಕಲ್ಲಿನಲ್ಲಿ ಕಥೆ ಉಳೀತು, ಮನುಷ್ಯ ಉಳೀಲಿಲ್ಲ. ಲಿಂಕ್ ವಿಷಯದಲ್ಲಿ ಬದುಕು ಪೂರ್ತಿ ನಮ್ಮ ಕೈಯಲ್ಲೇ ನಡೆಯುತ್ತೆ, ಆದರೆ ಅವನು ಮರಳಿ ಬಂದ ಕಾಲದಲ್ಲಿ ಆ ಯುದ್ಧವೇ ನಡೆದಿಲ್ಲ. ನಡೆಯದ ಯುದ್ಧದ ನಾಯಕನನ್ನು ಯಾರು ನೆನೀತಾರೆ?

ಅವನು ಬಿಟ್ಟು ಬಂದ ಆ ಇನ್ನೊಂದು ಕಾಲದಲ್ಲಿ ಏನಾಯಿತು ಅನ್ನೋದು ‘ವಿಂಡ್ ವೇಕರ್’ನಲ್ಲಿದೆ. 2002ರ ಆಟ. ಅಲ್ಲಿ ಅವನ ಹೆಸರು ದಂತಕಥೆ. ಕೇಡು ಮತ್ತೆ ಎದ್ದಾಗ ಜನ ಅವನು ಬಂದೇ ಬರ್ತಾನೆ ಅಂತ ಕಾಯ್ತಾರೆ. ಬರಲ್ಲ. ಕೊನೆಗೆ ರಾಜ್ಯ ನೀರಿನಲ್ಲಿ ಮುಳುಗುತ್ತೆ. ಅದೆಷ್ಟೋ ತಲೆಮಾರು ಕಳೆದ ಮೇಲೆ ಒಂದು ಸಣ್ಣ ದ್ವೀಪದಲ್ಲಿ, ಆ ನಾಯಕನ ವಯಸ್ಸಿಗೆ ಬಂದ ಹುಡುಗರಿಗೆಲ್ಲ ಹಸಿರು ಅಂಗಿ ತೊಡಿಸೋ ಪದ್ಧತಿ ಉಳಿದಿರುತ್ತೆ. ಅಂಗಿ ಇದೆ, ಹಬ್ಬ ಇದೆ, ಆ ಹುಡುಗ ಏನು ಅನುಭವಿಸಿದ ಅನ್ನೋದು ಯಾರಿಗೂ ಗೊತ್ತಿಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಒಪ್ಪಲಿಲ್ಲ. “ಅದು ಅಲ್ಲಿಯವರಿಗೆ. ವಾಪಸ್ ಬಂದ್ನಲ್ಲ, ಅಲ್ಲಿ?” ಅಂದ.

ಅಲ್ಲಿ ಆಗಿದ್ದು ಇನ್ನೂ ಭಾರದ್ದು. 2006ರ ‘ಟ್ವೈಲೈಟ್ ಪ್ರಿನ್ಸೆಸ್’ನಲ್ಲಿ ತುಕ್ಕು ಹಿಡಿದ ಕವಚ ತೊಟ್ಟ, ಎಲುಬಾಗಿ ಹೋಗಿರೋ ಒಬ್ಬ ಹಳೇ ಯೋಧ ಬರ್ತಾನೆ. ಹೊಸ ಕಾಲದ ಹುಡುಗನಿಗೆ ಕತ್ತಿಯ ಏಳು ಪಟ್ಟು ಕಲಿಸ್ತಾನೆ. ತಾನು ಯಾರು ಅಂತ ಹೇಳಲ್ಲ. ಸರಣಿಗೆ 25 ವರ್ಷ ತುಂಬಿದಾಗ, 2011ರಲ್ಲಿ ಬಂದ ಅಧಿಕೃತ ಪುಸ್ತಕ ಅವನು ಆ ಒಕರಿನಾದ ಲಿಂಕೇ ಅಂತ ತಿಳಿಸಿತು. ಸತ್ತರೂ ಅವನಿಗೆ ಬಿಡುಗಡೆ ಇಲ್ಲ. ಅವನ ಕೊರಗು ಏನು ಅಂದರೆ, ತಾನು ಕಲಿತದ್ದನ್ನು ಮುಂದಿನವರಿಗೆ ದಾಟಿಸೋಕೆ ಆಗಲಿಲ್ಲ ಅನ್ನೋದು. ಏಳನೇ ಪಟ್ಟೂ ಕಲಿಸಿದ ಮೇಲೆ ಆ ಹುಡುಗನನ್ನು ಮಗು ಅಂತ ಕರೆದು ಕಳಿಸಿಕೊಡ್ತಾನೆ. ಆಮೇಲೆ ಕಾಣಿಸಲ್ಲ.

ಇದನ್ನು ಕೇಳಿ ಹುಡುಗ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ “ಹಾಗಾದ್ರೆ ಅವನಿಗೆ ಬೇಕಾಗಿದ್ದು ಶಿಷ್ಯ” ಅಂದ. ನಾನು ಇದನ್ನೆಲ್ಲ ಓದಿ, ಆಡಿ ಎಷ್ಟೋ ಕಾಲ ಆಗಿತ್ತು. ಇಷ್ಟು ನೇರವಾಗಿ ನನಗೆ ಹೊಳೆದಿರಲಿಲ್ಲ.

ಮರುದಿನ ಮಳೆ ಸ್ವಲ್ಪ ಬಿಟ್ಟಾಗ ಭಾವನ ಜೊತೆ ತೋಟಕ್ಕೆ ಇಳಿದೆ. ಕೆಳಗಿನ ಪಟ್ಟೆಯಲ್ಲಿ ಕೊಳೆರೋಗ ಶುರುವಾಗಿತ್ತು. ಎಲೆ ಕಪ್ಪಾಗಿ ಕೊಂಬೆಗೆ ಜೋತಾಡುತ್ತಿದ್ದವು. ಮೇಲಿನ ಪಟ್ಟೆ ಚೆನ್ನಾಗಿತ್ತು. ಮೇಲಿನದಕ್ಕೆ ಮರಗಸಿ, ಅಂದರೆ ಕಾಫಿಗೆ ನೆರಳು ಕೊಡೋ ಮರಗಳ ಕೊಂಬೆ ಸವರೋ ಕೆಲಸ, ಮಾಡಿದ್ದು ಹಳಬರಾದ ಒಬ್ಬ ಅಣ್ಣ. ಕೆಳಗಿನದನ್ನು ಈ ಸಲ ಬೇರೆ ಯಾರೋ ಮಾಡಿದ್ದರು. ಅದು ಸುಮ್ನೆ ಕೊಂಬೆ ಕಡಿಯೋದಲ್ಲ. ಹಾಲುವಾಣ, ಅತ್ತಿ, ಸಿಲ್ವರ್ ಓಕ್ ಒಂದೊಂದಕ್ಕೂ ಒಂದೊಂದು ಲೆಕ್ಕ. ಜಾಸ್ತಿ ತೆಗೆದರೆ ಬಿಸಿಲು ಬಿದ್ದು ಅರೇಬಿಕಾ ಕಾಫಿಗೆ ಕಾಂಡಕೊರಕ ಹುಳು, ಕಮ್ಮಿ ತೆಗೆದರೆ ಮಳೆಗಾಲದಲ್ಲಿ ತೇವ ಕೂತು ಕೊಳೆ. ಆ ಅಣ್ಣ ಕೆಳಗೆ ನಿಂತು ಒಮ್ಮೆ ಆಕಾಶ ನೋಡಿ, ಏಣಿ ಹತ್ತಿ, ಕೊಂಬೆಗೆ ಹಗ್ಗ ಕಟ್ಟಿ, ಕೆಳಗಿನ ಕಾಫಿ ಗಿಡದ ಒಂದು ರೆಂಬೆಯೂ ಮುರಿಯದ ಹಾಗೆ ಇಳಿಸ್ತಾರೆ. ಕಾಫಿ ಚೆನ್ನಾಗಿ ಬಂದ ವರ್ಷ ಎಲ್ಲರೂ ಮಳೆ ಚೆನ್ನಾಗಿತ್ತು ಅಂತಾರೆ, ರೇಟ್ ಚೆನ್ನಾಗಿತ್ತು ಅಂತಾರೆ. ಆ ಅಣ್ಣನ ಹೆಸರು ಯಾರ ಬಾಯಲ್ಲೂ ಬರಲ್ಲ. ಅವರು ಅದಕ್ಕೆ ಬೇಜಾರು ಮಾಡಿಕೊಂಡಿದ್ದನ್ನೂ ನಾನು ಕಂಡಿಲ್ಲ.

ಸಿಕ್ಕಾಗ ಅವರೇ ಹೇಳಿದ್ದು ಬೇರೆ ಮಾತು. “ಮಕ್ಕಳಿಬ್ಬರೂ ಬೆಂಗಳೂರಲ್ಲಿ ಗಾಡಿ ಓಡಿಸ್ತಾರೆ ಸಾರ್. ಬದುಕಲಿ. ಆದ್ರೆ ನನ್ನ ಮೊಣಕಾಲು ಇನ್ನೆಷ್ಟು ದಿನ ಏಣಿ ಹತ್ತುತ್ತೆ? ಯಾರಾದ್ರೂ ಒಬ್ಬ ಹುಡುಗ ಬಂದಿದ್ರೆ ಹೇಳಿಕೊಡ್ತಿದ್ದೆ.”

ಹುಡುಗನ ಪ್ರಶ್ನೆ ಇಷ್ಟು ದಿನ ನನ್ನನ್ನು ಬಿಡದೆ ಕಾಡಿದ್ದು ಈ ಮಾತಿನಿಂದಲೇ. ಹೊಗಳಿಕೆ ಸಿಗದಿದ್ದರೂ ಮನುಷ್ಯ ಬದುಕ್ತಾನೆ, ನಮ್ಮ ತೋಟಗಳಲ್ಲಿ, ಅಡುಗೆಮನೆಗಳಲ್ಲಿ ಹಾಗೆ ಬದುಕಿದವರೇ ಎಲ್ಲ. ಕೈಯಲ್ಲಿರೋದನ್ನು ಕೊಡೋಕೆ ಒಬ್ಬರೂ ಸಿಗದೇ ಹೋಗೋದು ಬೇರೆ ಥರದ ನೋವು. ಆಟ ಮಾಡಿದವರಿಗೆ ಅದು ಗೊತ್ತಿತ್ತು ಅನ್ನೋದೇ ನನಗೆ ದೊಡ್ಡ ವಿಷಯ.

ಭಾವನ ಹತ್ತಿರ ಕೂತು ಮಾತಾಡಿದ್ದೇನೆ. ಮುಂದಿನ ಮರಗಸಿಗೆ ಊರಿನ ಇಬ್ಬರು ಹುಡುಗರನ್ನು ಆ ಅಣ್ಣನ ಜೊತೆ ಬಿಡೋಣ, ಕಲಿಯೋರಿಗೂ ಪೂರ್ತಿ ಕೂಲಿ ಕೊಡೋಣ, ಅರ್ಧ ದುಡ್ಡು ನಾನು ಹಾಕ್ತೀನಿ, ಹಗ್ಗ ಬೆಲ್ಟು ಹೊಸದು ತರೋಣ ಅಂತ. ಕಲಿಯೋರು ನಿಧಾನ ಮಾಡ್ತಾರೆ, ಕೆಲಸ ಮುಂಗಾರಿಗೆ ಮುಂಚೆ ಮುಗಿಯಲ್ಲ ಅನ್ನೋದು ಅವರ ವಾದ. ನಿಧಾನ ಆದರೂ ಈ ವರ್ಷ ಕಲಿಸದಿದ್ದರೆ ಆಮೇಲೆ ಕಲಿಸೋರೇ ಇರಲ್ಲ ಅನ್ನೋದು ನನ್ನದು. ಅವರಿನ್ನೂ ಹೂಂ ಅಂದಿಲ್ಲ. ಅಕ್ಕ ನನ್ನ ಕಡೆಗಿದ್ದಾಳೆ.