ರಿಟರ್ನ್ ನಾನೇ ಹಾಕ್ಲಾ, ಆಡಿಟರ್‌ಗೆ ಕೊಡ್ಲಾ?

ಜೂನ್ ಮಧ್ಯದಲ್ಲಿ ಫಾರ್ಮ್ 16, ಅಂದರೆ ವರ್ಷದ ಸಂಬಳ ಮತ್ತು ಅದರಲ್ಲಿ ಹಿಡಿದ ತೆರಿಗೆಯ ಲೆಕ್ಕದ ಪತ್ರ, ಹಂಚಿದ ಮರುದಿನದಿಂದ ನನ್ನ ಟೇಬಲ್ ಹತ್ತಿರ ಒಂದೇ ಪ್ರಶ್ನೆ. "ಮೇಡಂ, ಐಟಿ ರಿಟರ್ನ್ ನಾನೇ ಹಾಕ್ಲಾ, ಆಡಿಟರ್‌ಗೆ ಕೊಡ್ಲಾ?" ನಾನು ಅಕೌಂಟ್ಸ್ ವಿಭಾಗದವಳು. ಪ್ರತಿ ಸಲ ನಿಂತ ಜಾಗದಲ್ಲೇ ಹೇಳೋ ಉತ್ತರವನ್ನು ಈ ಸಲ ಬರೆದೇ ಬಿಡುತ್ತೇನೆ.

ಸಂಬಳ, ಬ್ಯಾಂಕ್ ಬಡ್ಡಿ, ವಾಸಕ್ಕೊಂದು ಮನೆ, ಒಟ್ಟು ಆದಾಯ 50 ಲಕ್ಷದೊಳಗೆ. ಇಷ್ಟೇ ಅಂದರೆ ನೀವೇ ಹಾಕಿ. ಅದಕ್ಕೆ ಐಟಿಆರ್-1, ಅಂದರೆ ಸಹಜ್ ಫಾರ್ಮ್ ಇದೆ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆದರೆ ಸಂಬಳ, ಟಿಡಿಎಸ್ (ಮೊದಲೇ ಹಿಡಿದುಕೊಂಡ ತೆರಿಗೆ) ಮೊದಲೇ ತುಂಬಿರುತ್ತದೆ. ಒಂದು ಭಾನುವಾರ ಬೆಳಗ್ಗೆ ಕೂತರೆ ಮುಗಿಯುತ್ತದೆ.

ಆದರೆ ತುಂಬಿದೆಯಲ್ಲ ಅಂತ ಕಣ್ಣು ಮುಚ್ಚಿ ಸಬ್ಮಿಟ್ ಒತ್ತಬೇಡಿ. ಮೊದಲು ಅದೇ ಪೋರ್ಟಲ್‌ನಲ್ಲಿ ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿ ತೆಗೆದು ನೋಡಿ. ನಿಮ್ಮ ಪ್ಯಾನ್ ನಂಬರಿನಲ್ಲಿ ಬಂದ ಬಡ್ಡಿ, ಡಿವಿಡೆಂಡ್, ಮಾರಿದ ಷೇರು, ಎಲ್ಲ ಅಲ್ಲಿ ಸಿಗುತ್ತದೆ. ಹೋದ ವರ್ಷ ಒಬ್ಬರು ಸಹೋದ್ಯೋಗಿ ಜೊತೆ ಕೂತು ನೋಡಿದೆ. ಎಫ್‌ಡಿ ಬಡ್ಡಿ 62,000 ರೂಪಾಯಿ. ಬ್ಯಾಂಕಿನವರು 10 ಪರ್ಸೆಂಟ್, ಅಂದರೆ 6,200 ಹಿಡಿದಿದ್ದರು. "ಟ್ಯಾಕ್ಸ್ ಕಟ್ ಆಗಿದೆಯಲ್ಲ ಮೇಡಂ" ಅಂದರು. ಅವರಿದ್ದದ್ದು 20 ಪರ್ಸೆಂಟ್ ಸ್ಲ್ಯಾಬ್‌ನಲ್ಲಿ. ತೆರಿಗೆಯ ಮೇಲೆ ಬೀಳುವ ಸೆಸ್ ಸೇರಿ 12,896 ಆಗಬೇಕು. ಬಾಕಿ 6,696 ಅಲ್ಲೇ ಕೂತು ಕಟ್ಟಿದರು. ಹಿಂದಿನ ವರ್ಷಗಳಲ್ಲಿ ಅವರ ಆಡಿಟರ್‌ಗೆ ಹೋಗುತ್ತಿದ್ದದ್ದು ಫಾರ್ಮ್ 16 ಒಂದೇ. ಎಫ್‌ಡಿ ವಿಷಯ ಇವರು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ.

ವ್ಯಾಪಾರ ಇದೆ, ಸೈಟ್ ಮಾರಿದ್ದೀರಿ, ಷೇರುಪೇಟೆಯಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಆಡುತ್ತೀರಿ ಅಂದರೆ ಆಡಿಟರ್ ಹತ್ತಿರ ಹೋಗಿ. ದುಡ್ಡಿಗೆ ಹಿಂದೆಮುಂದೆ ನೋಡಬೇಡಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಅಮೆರಿಕದ ಷೇರು ಸಿಕ್ಕವರಿಗಂತೂ ಇದನ್ನು ಒತ್ತಿ ಹೇಳುತ್ತೇನೆ. ನಿಮಗೆ ಸಹಜ್ ನಡೆಯೋದಿಲ್ಲ. ಷೇರು ಮಾರದೇ ಸುಮ್ನೆ ಇಟ್ಟಿದ್ದರೂ ವಿದೇಶಿ ಆಸ್ತಿ ಅಂತ ತೋರಿಸಲೇಬೇಕು. ಅಂಥ ಷೇರು, ಖಾತೆ ಎಲ್ಲ ಸೇರಿ 20 ಲಕ್ಷ ದಾಟಿದ್ದು ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ ಇದೆ.

ನನಗೆ ನಿಜವಾಗಿ ಭಯ ಆಗೋದು ನೀವೂ ಅಲ್ಲದ, ಆಡಿಟರೂ ಅಲ್ಲದ ಮೂರನೆಯವರನ್ನು ಕಂಡರೆ. "ರೀಫಂಡ್ ತೆಗೆಸಿಕೊಡ್ತೀನಿ, ಬಂದದ್ದರಲ್ಲಿ 10 ಪರ್ಸೆಂಟ್ ಕೊಡಿ" ಅನ್ನುವವರು. ನಮ್ಮಲ್ಲೇ ಒಬ್ಬ ಹುಡುಗ ಹಾಗೆ ಕೊಟ್ಟ. 38,000 ರೀಫಂಡ್ ಬಂತು, ಎಲ್ಲರಿಗೂ ಸ್ವೀಟ್ ಹಂಚಿದ. ರಿಟರ್ನ್ ಕಾಪಿ ತರಿಸಿ ನೋಡಿದರೆ ಯಾವುದೋ ರಾಜಕೀಯ ಪಕ್ಷಕ್ಕೆ ದೇಣಿಗೆ ಕೊಟ್ಟಿದ್ದಾನೆ, ಅದಕ್ಕೆ ತೆರಿಗೆ ಕಮ್ಮಿ ಮಾಡಿ ಅಂತಿದೆ. ಅವನು ಒಂದು ರೂಪಾಯಿ ಕೊಟ್ಟಿಲ್ಲ. ಪಾಪ, ಅವನಿಗೆ ಗೊತ್ತೇ ಇರಲಿಲ್ಲ. ಅಪ್‌ಡೇಟೆಡ್ ರಿಟರ್ನ್, ಅಂದರೆ ತಪ್ಪು ತಿದ್ದಿದ ರಿಟರ್ನ್ ಹಾಕಿ, ಬಂದ ಹಣ, ಅದರ ಮೇಲೆ ಬಡ್ಡಿ, ಹೆಚ್ಚುವರಿ ತೆರಿಗೆ ಎಲ್ಲ ಕಟ್ಟಿದ. ಕಮಿಷನ್ ಮಾತ್ರ ವಾಪಸ್ ಬರಲಿಲ್ಲ. ಸುಳ್ಳು ಲೆಕ್ಕ ಅಂತ ಇಲಾಖೆಯೇ ಹಿಡಿದರೆ, ತಪ್ಪಿಸಿದ ತೆರಿಗೆಯ 200 ಪರ್ಸೆಂಟ್ ದಂಡ. ಬರೆದವರು ಯಾರೇ ಇರಲಿ, ಕಟ್ಟೋರು ನೀವೇ ಅಲ್ವಾ?

ಹಾಗಾಗಿ ಆಡಿಟರ್‌ಗೆ ಕೊಟ್ಟರೂ ಸಲ್ಲಿಸುವ ಮುಂಚೆ ಡ್ರಾಫ್ಟ್ ಕೇಳಿ. ಒಳ್ಳೆಯ ಆಡಿಟರ್ ಇದಕ್ಕೆ ಬೇಜಾರು ಮಾಡಿಕೊಳ್ಳೋದಿಲ್ಲ. ಡಿಡಕ್ಷನ್, ಅಂದರೆ ತೆರಿಗೆ ಕಮ್ಮಿ ಮಾಡೋಕೆ ತೋರಿಸಿರೋ ಖರ್ಚು, ದೇಣಿಗೆ ಎಲ್ಲ ಸಾಲು ಸಾಲಾಗಿ ಓದಿ, ನೀವು ಕಟ್ಟದೇ ಇರೋದು ಒಂದಾದರೂ ಇದ್ದರೆ ತೆಗೆಸಿ. ಸಂಬಳದವರಿಗೆ ಕೊನೆ ದಿನವಾದ ಜುಲೈ 31ರ ಹಿಂದಿನ ರಾತ್ರಿ ಇದೆಲ್ಲ ಆಗೋದಿಲ್ಲ, ಒಂದು ತಿಂಗಳು ಮುಂಚೆಯೇ ಕೊಡಿ. ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ, ಅಂದರೆ ಇದು ನನ್ನದೇ ರಿಟರ್ನ್ ಅಂತ ಆನ್‌ಲೈನ್‌ನಲ್ಲಿ ಖಾತ್ರಿಪಡಿಸೋದು, ಆಗಬೇಕು, ಆಧಾರ್ ಒಟಿಪಿ ನಿಮ್ಮ ಫೋನಿಗೇ ಬರುತ್ತದೆ.

ಇನ್ನೊಂದು. ಆ ಹುಡುಗನಿಗೆ ಇಲಾಖೆಯಿಂದ ಎರಡು ಸಲ ಇಮೇಲ್ ಬಂದಿತ್ತಂತೆ. ಎರಡೂ ಹೋಗಿದ್ದು ಆ ಏಜೆಂಟ್ ವಿಳಾಸಕ್ಕೆ. ಪೋರ್ಟಲ್‌ನಲ್ಲಿ ಹುಡುಗನದರ ಬದಲು ಏಜೆಂಟ್ ತನ್ನದೇ ಮೊಬೈಲ್, ತನ್ನದೇ ಇಮೇಲ್ ಹಾಕಿಕೊಂಡಿದ್ದ. ಇವತ್ತೇ ಲಾಗಿನ್ ಆಗಿ, ಪ್ರೊಫೈಲ್ ತೆಗೆದು, ಅಲ್ಲಿರೋ ನಂಬರ್ ಯಾರದು ಅಂತ ನೋಡಿಬಿಡಿ.